ಜಾಹೀರಾತು ಹೋಲಿಸುವ ಆ್ಯಪ್ ಹಿಡಿದು ಹದಿನಾರು ವಾರ: ದಿನಸಿ ಖರ್ಚು 100ರಿಂದ 89ಕ್ಕೆ

ಹದಿನಾರು ವಾರದ ಕೆಲಸ ಮೊನ್ನೆ ಭಾನುವಾರ ಮುಗಿಯಿತು. ಪೂರ್ತಿ ಮುಗಿಯಿತು ಅನ್ನಲಾರೆ, ಒಂದು ಸಾಮಾನಿನ ಲೆಕ್ಕ ಇನ್ನೂ ಬಾಕಿ ಇದೆ. ಆದರೆ ಬರೆದಿಡುವಷ್ಟು ಆಗಿದೆ.

ಕೆಲಸ ಇಷ್ಟೇ. ಅಂಗಡಿಗಳ ವಾರದ ಜಾಹೀರಾತುಗಳನ್ನು ಒಂದೇ ಕಡೆ ತೋರಿಸಿ ಹೋಲಿಸುವ ಆ್ಯಪ್ ಇರುತ್ತದಲ್ಲ, ಅದನ್ನು ಬಳಸಿ ಮನೆಯ ದಿನಸಿ ಖರ್ಚು ನಿಜವಾಗಿಯೂ ಇಳಿಯುತ್ತದಾ ಅಂತ ಅಳೆದು ನೋಡುವುದು. ಮನೆಯಲ್ಲಿ ನಾಲ್ಕು ಜನ. ಅಂಗಡಿ ಮೂರು: ಅವನ್ನು ಅ, ಬ, ಕ ಅಂತ ಕರೆಯುತ್ತೇನೆ.

ಬೆಲೆ ಒಂದೊಂದು ಊರಲ್ಲಿ ಒಂದೊಂದು ಥರ ಇರುತ್ತದೆ. ಅದಕ್ಕೇ ಇಲ್ಲಿ ದುಡ್ಡನ್ನೆಲ್ಲ ಅಂಶಗಳಲ್ಲಿ ಬರೆದಿದ್ದೇನೆ. ಮೊದಲ ನಾಲ್ಕು ವಾರದ ಸರಾಸರಿ ವಾರದ ಖರ್ಚು 100 ಅಂಶ. ಅಂಗಡಿಗೆ ಹೋಗಿ ಬರುವ ಪೆಟ್ರೋಲ್ ಕೂಡ ಈ 100ರಲ್ಲೇ ಸೇರಿದೆ.

ಬಳಸಿದ್ದು: ಜಾಹೀರಾತು ಆ್ಯಪ್ (ಪುಕ್ಕಟೆ), ಗೂಗಲ್ ಶೀಟ್ಸ್ (ಅದೂ ಪುಕ್ಕಟೆ), ಫೋನಿನ ಕ್ಯಾಮೆರಾ, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಅಳತೆ ಲೋಟ, ಮಾರ್ಕರ್ ಪೆನ್ನು, ಪೇಪರ್ ಟೇಪ್. ತಕ್ಕಡಿ ಮೊದಲೇ ಮನೆಯಲ್ಲಿತ್ತು. ಹೊಸದಾಗಿ ಕೊಂಡದ್ದು ಗಾಳಿಯಾಡದ ನಾಲ್ಕು ಡಬ್ಬ ಮಾತ್ರ. ಅದಕ್ಕೆ 6 ಅಂಶ ಖರ್ಚಾಯಿತು.

1ರಿಂದ 4ನೇ ವಾರ: ಸುಮ್ನೆ ಬಿಲ್ ಕೂಡಿಡುವುದು

ಈ ನಾಲ್ಕು ವಾರ ಆ್ಯಪ್ ಹಾಕಲೇ ಇಲ್ಲ. ಎಂದಿನಂತೆ ಸಾಮಾನು ತಂದು ಬಿಲ್ ಮಾತ್ರ ಎತ್ತಿಟ್ಟೆ. ಮೊದಲು ಎಷ್ಟು ಖರ್ಚಾಗುತ್ತಿತ್ತು ಅಂತ ಗೊತ್ತಿಲ್ಲದಿದ್ದರೆ ಆಮೇಲೆ ಎಷ್ಟು ಉಳಿಯಿತು ಅಂತ ಹೇಗೆ ಹೇಳುವುದು? ಎರಡನೇ ವಾರಕ್ಕೇ ಕೈ ತುರಿಸುತ್ತಿತ್ತು, ಆದರೂ ತಡೆದುಕೊಂಡೆ. ಈಗ ಹಿಂತಿರುಗಿ ನೋಡಿದರೆ ಇಡೀ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ನಾಲ್ಕು ವಾರ.

ಮೊದಲ ತಪ್ಪೂ ಇಲ್ಲೇ ಆಯಿತು. ಬಿಲ್‌ಗಳನ್ನು ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟಿದ್ದೆ. ಅಂಗಡಿ ಬಿಲ್ ಥರ್ಮಲ್ ಕಾಗದದ್ದು. ಅದರಲ್ಲಿ ಶಾಯಿ ಇರುವುದಿಲ್ಲ, ಶಾಖಕ್ಕೆ ಕಪ್ಪಾಗುವ ಲೇಪ ಇರುತ್ತದೆ. ಒಲೆಯ ಬಿಸಿಗೆ ಎರಡು ಬಿಲ್ ಪೂರ್ತಿ ಕಪ್ಪಾಗಿ ಒಂದಕ್ಷರವೂ ಕಾಣಲಿಲ್ಲ. ಒಟ್ಟು ಮೊತ್ತ ಬ್ಯಾಂಕಿನ ಮೆಸೇಜಿನಿಂದ ಸಿಕ್ಕಿತು, ಆದರೆ ಒಂದೊಂದು ಸಾಮಾನಿನ ಬೆಲೆ ಹೋಯಿತು. ಅಂದಿನಿಂದ ಅಂಗಡಿ ಬಾಗಿಲಲ್ಲೇ ನಿಂತು ಬಿಲ್ಲಿನ ಫೋಟೋ ತೆಗೆಯುತ್ತೇನೆ. ಉದ್ದದ ಬಿಲ್ಲನ್ನು ಎರಡು ಫೋಟೋದಲ್ಲಿ, ಮಧ್ಯದ ನಾಲ್ಕೈದು ಸಾಲು ಎರಡರಲ್ಲೂ ಬರುವ ಹಾಗೆ.

ನಾಲ್ಕನೇ ವಾರದ ಕೊನೆಗೆ ಎಲ್ಲವನ್ನೂ ಶೀಟಿಗೆ ಏರಿಸಿದೆ. ಒಟ್ಟು 61 ಬಗೆಯ ಸಾಮಾನು ಬಂತು. ಖರ್ಚು ಜಾಸ್ತಿ ಇರುವುದರಿಂದ ಕಡಿಮೆ ಇರುವುದರ ಕಡೆಗೆ ಜೋಡಿಸಿದಾಗ ಮೇಲಿನ 22 ಸಾಮಾನಿಗೇ ನೂರರಲ್ಲಿ ಸುಮಾರು 80 ಅಂಶ ಹೋಗುತ್ತಿತ್ತು. ಉಳಿದ 39 ಸಾಮಾನು ಸೇರಿ 20. ಹಾಗಾಗಿ ಬೆಲೆ ಬರೆದಿಡುವುದು ಈ 22ಕ್ಕೆ ಮಾತ್ರ ಅಂತ ತೀರ್ಮಾನಿಸಿದೆ. 61ಕ್ಕೂ ಬರೆಯಲು ಹೋಗಿದ್ದರೆ ಆರನೇ ವಾರಕ್ಕೇ ಕೈಬಿಡುತ್ತಿದ್ದೆ.

ಇನ್ನೊಂದು ಕೆಲಸ ಮಾಡಿದೆ. ನಾಲ್ಕನೇ ವಾರದ ಕೊನೆಯ ದಿನ ಕಪಾಟು, ಡಬ್ಬ, ಫ್ರಿಜ್ ಎಲ್ಲ ತೆಗೆದು ಯಾವ ಸಾಮಾನು ಎಷ್ಟು ಉಳಿದಿದೆ ಅಂತ ತೂಗಿ ಬರೆದೆ. ಮುಕ್ಕಾಲು ಗಂಟೆ ಹಿಡಿಯಿತು. ಇದು ಯಾಕೆ ಬೇಕಾಯಿತು ಅಂತ ಕೊನೆಯಲ್ಲಿ ಹೇಳುತ್ತೇನೆ.

5ನೇ ವಾರ: ಆ್ಯಪ್ ಹಾಕಿದ್ದು, ತಪ್ಪು ಶಾಖೆ

ಆ್ಯಪ್ ಹಾಕಿದ ಕೂಡಲೇ ಲೊಕೇಶನ್, ಕಾಂಟ್ಯಾಕ್ಟ್ಸ್, ನೋಟಿಫಿಕೇಶನ್ ಮೂರಕ್ಕೂ ಅನುಮತಿ ಕೇಳಿತು. ಕಾಂಟ್ಯಾಕ್ಟ್ಸ್ ಕೊಡಲಿಲ್ಲ, ಬೆಲೆ ನೋಡುವುದಕ್ಕೆ ಅದು ಬೇಕಾಗಿಲ್ಲ. ಲೊಕೇಶನ್ ಕೊಟ್ಟೆ. ಅಲ್ಲೇ ಎಡವಿದೆ.

ಅ ಅಂಗಡಿಗೆ ನಮ್ಮ ಕಡೆ ಎರಡು ಶಾಖೆ ಇವೆ. ಆ್ಯಪ್ ತಾನಾಗಿಯೇ ದೊಡ್ಡ ಶಾಖೆಯ ಜಾಹೀರಾತು ಹಿಡಿದುಕೊಂಡಿತ್ತು. ನಾನು ಹೋದದ್ದು ಚಿಕ್ಕದಕ್ಕೆ. ಪಟ್ಟಿಯಲ್ಲಿದ್ದ ಎಂಟು ಆಫರ್‌ಗಳಲ್ಲಿ ಮೂರು ಅಲ್ಲಿ ಇರಲೇ ಇಲ್ಲ. ಬಿಲ್ ಮಾಡುವ ಹುಡುಗನಿಗೆ ಫೋನ್ ತೋರಿಸಿದೆ. ಅವನು ಜಾಹೀರಾತಿನ ಕೆಳಗಿನ ಸಣ್ಣ ಅಕ್ಷರವನ್ನು ದೊಡ್ಡದು ಮಾಡಿ, "ನೋಡಿ ಸಾರ್, ಶಾಖೆ ಹೆಸರು ಇಲ್ಲೇ ಇದೆ" ಅಂದ. ಸರಿಯಾಗಿಯೇ ಬರೆದಿತ್ತು. ನಾನು ಓದಿರಲಿಲ್ಲ.

ಸರಿಪಡಿಸಿದ್ದು ಹೀಗೆ: ಆ್ಯಪ್ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿ, ಮೂರು ಅಂಗಡಿಗೂ ಶಾಖೆಯನ್ನು ಕೈಯಾರೆ ಆಯ್ದುಕೊಂಡೆ. ಪ್ರತಿ ಜಾಹೀರಾತಿನಲ್ಲಿ ಬೆಲೆ ನೋಡುವ ಮೊದಲು ಮೂರು ಸಂಗತಿ ಓದುತ್ತೇನೆ. ಯಾವ ಶಾಖೆ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಒಬ್ಬರಿಗೆ ಎಷ್ಟು ಪ್ಯಾಕ್.

ತಾರೀಕಿನದ್ದು ಚಿಕ್ಕ ವಿಷಯ ಅಲ್ಲ. ಅ ಅಂಗಡಿಯ ವಾರ ಬುಧವಾರ ಶುರುವಾಗುತ್ತದೆ. ಬ ಅಂಗಡಿಯದ್ದು ಶುಕ್ರವಾರದಿಂದ ಭಾನುವಾರ, ಮೂರೇ ದಿನ. ಕ ಅಂಗಡಿ ತಿಂಗಳಿಗೊಂದು ಜಾಹೀರಾತು ಹಾಕುತ್ತದೆ. ನಾವು ಮೊದಲಿಂದ ಸಾಮಾನು ತರುತ್ತಿದ್ದದ್ದು ಸೋಮವಾರ. ಅಂದರೆ ಬ ಅಂಗಡಿಯ ಆಫರ್ ಒಂದೂ ನಮಗೆ ಸಿಗುತ್ತಿರಲಿಲ್ಲ. ದಿನವನ್ನು ಶನಿವಾರಕ್ಕೆ ಬದಲಾಯಿಸಿದೆ. ಮೂರೂ ಜಾಹೀರಾತು ಜಾರಿಯಲ್ಲಿರುವ ದಿನ ಅದು.

6ನೇ ವಾರ: ಮೂರೂ ಅಂಗಡಿ ಸುತ್ತಿದ್ದು

ಯಾವುದು ಎಲ್ಲಿ ಅಗ್ಗವೋ ಅಲ್ಲೇ ತರುವುದು ಅಂತ ಹೊರಟೆ. ಆ್ಯಪ್‌ನಲ್ಲಿ ಪಟ್ಟಿ ಮಾಡಿ, ಅಂಗಡಿ ಪ್ರಕಾರ ಮೂರು ಭಾಗ ಮಾಡಿಕೊಂಡೆ. ಲೆಕ್ಕ ಹೀಗೆ ಬಂತು:

ಪಟ್ಟಿಯ ಸಾಮಾನಿನಲ್ಲಿ ಉಳಿದದ್ದು: 9 ಅಂಶ
ಪಟ್ಟಿಯಲ್ಲಿ ಇಲ್ಲದೆ ಕೈಗೆ ಬಂದ ಸಾಮಾನು: 7 ಅಂಶ
ಹೆಚ್ಚಿನ ಪೆಟ್ರೋಲ್: 4 ಅಂಶ
ಆ ವಾರದ ಒಟ್ಟು ಖರ್ಚು: 102 ಅಂಶ

ಮೊದಲು ಒಂದು ಗಂಟೆ ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಮೂರು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ಇಷ್ಟೆಲ್ಲ ಮಾಡಿ ಖರ್ಚು ಎರಡು ಅಂಶ ಜಾಸ್ತಿಯೇ ಆಯಿತು. ತುಂಬ ಬೇಜಾರಾಯಿತು. ಇಲ್ಲಿಗೇ ನಿಲ್ಲಿಸಿಬಿಡೋಣ ಅನ್ನಿಸಿದ್ದೂ ನಿಜ.

ಆ 7 ಅಂಶವೇ ನನ್ನನ್ನು ಯೋಚನೆಗೆ ಹಚ್ಚಿದ್ದು. ಒಂದೊಂದು ಅಂಗಡಿಯ ಬಾಗಿಲು ದಾಟಿದಾಗಲೂ ಎರಡು ಮೂರು ಬೇಡದ ಸಾಮಾನು ಬುಟ್ಟಿಗೆ ಬಿದ್ದಿದ್ದವು. ಅಂಗಡಿಯವರು ಕೆಲವು ಸಾಮಾನನ್ನು ಲಾಭವೇ ಇಲ್ಲದ ಬೆಲೆಗೆ ಜಾಹೀರಾತು ಮಾಡುವುದು ಇದಕ್ಕೇ. ಅದನ್ನು ಕೊಳ್ಳಲು ಒಳಗೆ ಬಂದವರು ಬೇರೆಯದನ್ನೂ ಕೊಳ್ಳುತ್ತಾರೆ. ಅದು ಅವರ ವ್ಯಾಪಾರ, ತಪ್ಪು ಅನ್ನಲಾರೆ. ನಾನು ಎಷ್ಟು ಬಾಗಿಲು ದಾಟುತ್ತೇನೆ ಅನ್ನುವುದು ಮಾತ್ರ ನನ್ನ ಕೈಯಲ್ಲಿದೆ.

ಅವತ್ತಿನಿಂದ ಎರಡು ನಿಯಮ. ವಾರಕ್ಕೆ ಹೆಚ್ಚೆಂದರೆ ಎರಡು ಅಂಗಡಿ, ಅದರಲ್ಲಿ ಒಂದು ಕೆಲಸದಿಂದ ಬರುವ ದಾರಿಯಲ್ಲೇ ಇರಬೇಕು. ಎರಡನೇ ಅಂಗಡಿಗೆ ಹೋಗಬೇಕಾದರೆ ಪೆಟ್ರೋಲ್ ಕಳೆದು ಕನಿಷ್ಠ 3 ಅಂಶ ಉಳಿಯಬೇಕು. ಇಲ್ಲದಿದ್ದರೆ ಆ ವಾರ ಒಂದೇ ಅಂಗಡಿ. ನೋಟಿಫಿಕೇಶನ್ ಕೂಡ ಅವತ್ತೇ ಆಫ್ ಮಾಡಿದೆ. "ಇವತ್ತೊಂದೇ ದಿನ" ಅಂತ ಮೆಸೇಜ್ ಬಂದಾಗಲೆಲ್ಲ ಒಂದು ಸುತ್ತು ಹೋಗಿ ಬರುವ ಅಭ್ಯಾಸ ಅದರಿಂದ ನಿಂತಿತು.

7ನೇ ವಾರ: ಕೆಜಿ ಲೆಕ್ಕ, ಲೀಟರ್ ಲೆಕ್ಕ

ಆ್ಯಪ್ ಪ್ಯಾಕಿನ ಬೆಲೆ ತೋರಿಸುತ್ತದೆ. ಒಂದು ಕಡೆ 900 ಗ್ರಾಂ ಪ್ಯಾಕ್, ಇನ್ನೊಂದು ಕಡೆ 1 ಕೆಜಿ, ಮತ್ತೊಂದು ಕಡೆ 500 ಗ್ರಾಮಿನ ಎರಡು. ಕಣ್ಣಳತೆಯಲ್ಲಿ ಹೋಲಿಸಲು ಆಗುವುದಿಲ್ಲ. ಹಾಗಾಗಿ ಶೀಟಿನಲ್ಲಿ ಎಂಟು ಕಾಲಂ ಮಾಡಿದೆ: ತಾರೀಕು, ಅಂಗಡಿ, ಸಾಮಾನು, ಬ್ರ್ಯಾಂಡ್, ಪ್ಯಾಕ್ ಅಳತೆ, ಅಳತೆ ಗ್ರಾಮೋ ಮಿಲಿಯೋ ಎಣಿಕೆಯೋ, ಕೊಟ್ಟ ದುಡ್ಡು, ಆಫರ್ ಇತ್ತಾ. ಒಂಬತ್ತನೇ ಕಾಲಂ ತಾನಾಗಿಯೇ ತುಂಬುತ್ತದೆ: ಕೊಟ್ಟ ದುಡ್ಡನ್ನು ಅಳತೆಯಿಂದ ಭಾಗಿಸಿ 1000ದಿಂದ ಗುಣಿಸಿದರೆ ಕೆಜಿ ಅಥವಾ ಲೀಟರಿನ ಬೆಲೆ.

ಈ ವಾರದ ತಪ್ಪು ಎಣ್ಣೆಯದ್ದು. ಅ ಅಂಗಡಿಯಲ್ಲಿ 5 ಲೀಟರ್ ಕ್ಯಾನ್ 50 ಅಂಶ, ಬ ಅಂಗಡಿಯಲ್ಲಿ 5 ಕೆಜಿ ಕ್ಯಾನ್ 53 ಅಂಶ. ಎರಡೂ ಐದು, ಹಾಗಾದರೆ 50ರದ್ದೇ ಅಗ್ಗ ಅಂತ ತಂದೆ. ಅಮ್ಮ ಕ್ಯಾನ್ ಎತ್ತಿ ನೋಡಿದರು.

"ಇದು ಲೀಟರಿಂದು ಕಣೋ. ಕೆಜಿದು ಎಷ್ಟಿತ್ತು?"

"ಎರಡೂ ಐದೇ ಅಲ್ವಾಮ್ಮ?"

"ಎಣ್ಣೆ ನೀರಿಗಿಂತ ಹಗುರ. ನೀರಿನ ಮೇಲೆ ತೇಲೋದು ನೋಡಿಲ್ವಾ? ತೂಗಿ ನೋಡು."

ತೂಗಿದೆ. ಅಡುಗೆ ಎಣ್ಣೆ ಒಂದು ಲೀಟರಿಗೆ ಸುಮಾರು 910ರಿಂದ 920 ಗ್ರಾಂ ಬರುತ್ತದೆ. ನನ್ನ ತಕ್ಕಡಿಯಲ್ಲಿ 910 ಬಂತು. ಅಂದರೆ 5 ಲೀಟರ್ ಕ್ಯಾನಿನಲ್ಲಿ ಇರುವುದು 4.55 ಕೆಜಿ. 50ನ್ನು 4.55ರಿಂದ ಭಾಗಿಸಿದರೆ ಕೆಜಿಗೆ 10.99. ಇನ್ನೊಂದು ಕ್ಯಾನಿನದ್ದು 53ನ್ನು 5ರಿಂದ ಭಾಗಿಸಿದರೆ 10.60. ದುಬಾರಿ ಅಂತ ಬಿಟ್ಟು ಬಂದದ್ದೇ ನಿಜವಾಗಿ ಅಗ್ಗ. ಆಮೇಲೆ ಎಣ್ಣೆಯನ್ನೆಲ್ಲ ಗ್ರಾಮಿಗೆ ಬದಲಿಸುವ ಸೂತ್ರ ಹಾಕಿದೆ. ಮಿಲಿ ಅಂತ ಬರೆದಿದ್ದರೆ 0.91ರಿಂದ ಗುಣಿಸುತ್ತದೆ.

ಅಮ್ಮನಿಗೆ ಈ 22 ಸಾಮಾನಿನ ಬೆಲೆಯೂ ಬಾಯಿಪಾಠ. ಇಪ್ಪತ್ತು ವರ್ಷದಿಂದ ಅವರ ತಲೆಯೇ ನಮ್ಮ ಮನೆಯ ಬೆಲೆಪಟ್ಟಿ. ಮೊದಲೇ ಅವರನ್ನು ಕೂರಿಸಿಕೊಂಡು ಶೀಟ್ ಮಾಡಬೇಕಿತ್ತು. ಏಳನೇ ವಾರದಿಂದ ಹಾಗೇ ಮಾಡಿದೆ. ನಾನು ಬೆಲೆ ಓದುತ್ತೇನೆ, ಅವರು "ಇದು ಜಾಸ್ತಿ", "ಇದು ಪರವಾಗಿಲ್ಲ" ಅನ್ನುತ್ತಾರೆ. ಶೀಟ್ ಹೇಳುವುದೂ ಅವರು ಹೇಳುವುದೂ ಬೇರೆಯಾದಾಗ ಇಬ್ಬರೂ ಸೇರಿ ಬಿಲ್ ತೆಗೆದು ನೋಡುತ್ತೇವೆ.

ಆಫರ್‌ಗಳ ಭಾಷೆಯನ್ನೂ ಇದೇ ವಾರ ಬಿಡಿಸಿಕೊಂಡೆ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದಕ್ಕೂ ನಿಜಕ್ಕೆ ಕಡಿಮೆಯಾಗುವುದಕ್ಕೂ ವ್ಯತ್ಯಾಸ ಇದೆ. ಈ ಸಾಲುಗಳನ್ನು ಬರೆದು ಫ್ರಿಜ್ ಮೇಲೆ ಅಂಟಿಸಿದ್ದೇನೆ:

ಒಂದು ಕೊಂಡರೆ ಒಂದು ಉಚಿತ: 50%
ಎರಡು ಕೊಂಡರೆ ಒಂದು ಉಚಿತ: 33.3%
ಮೂರು ಕೊಂಡರೆ ಒಂದು ಉಚಿತ: 25%
ಎರಡನೆಯದಕ್ಕೆ ಅರ್ಧ ಬೆಲೆ: 25%
ಅದೇ ಬೆಲೆಗೆ 20% ಹೆಚ್ಚು: 16.7%
20% ಮತ್ತು ಅದರ ಮೇಲೆ 10%: 28%

ಐದನೆಯದು ನನಗೆ ಹೊಸದಾಗಿತ್ತು. 100 ಗ್ರಾಮಿನ ಬೆಲೆಗೆ 120 ಗ್ರಾಂ ಕೊಟ್ಟರೆ ಗ್ರಾಮಿನ ಬೆಲೆ ಇಳಿಯುವುದು ಆರರಲ್ಲಿ ಒಂದು ಭಾಗ. ಇಷ್ಟು ದಿನ ಅದನ್ನು 20% ಇಳಿಕೆ ಅಂತಲೇ ತಿಳಿದಿದ್ದೆ.

8ನೇ ವಾರ: ಶೀಟ್ ಕೆಟ್ಟಿತು

ಈ ವಾರ ಅಂಗಡಿಗಿಂತ ಜಾಸ್ತಿ ಹೊತ್ತು ಲ್ಯಾಪ್‌ಟಾಪ್ ಮುಂದೆ ಕಳೆದೆ. ಮೂರು ತೊಂದರೆ ಬಂದವು.

ಮೊದಲನೆಯದು, ಅತಿ ಕಡಿಮೆ ಬೆಲೆ ಹುಡುಕುವ ಸೂತ್ರ ಕೆಲವು ಸಾಮಾನಿಗೆ ಸೊನ್ನೆ ತೋರಿಸಿತು. ಬೆಲೆಗಳನ್ನು ಆ್ಯಪ್‌ನಿಂದ ಕಾಪಿ ಮಾಡಿ ಅಂಟಿಸಿದ್ದೆ. ಅವುಗಳ ಹಿಂದೆ ಕಾಣದ ಒಂದು ಖಾಲಿ ಜಾಗ ಸೇರಿಕೊಂಡಿತ್ತು. ಶೀಟ್ ಅವನ್ನು ಅಂಕಿ ಅಂತ ನೋಡದೆ ಅಕ್ಷರ ಅಂತ ನೋಡುತ್ತಿತ್ತು. ಇದಕ್ಕೊಂದು ಸುಲಭದ ಗುರುತು ಇದೆ: ಅಂಕಿ ಆದರೆ ಶೀಟಿನ ಮನೆಯ (ಸೆಲ್) ಬಲಗಡೆ ಒರಗಿರುತ್ತದೆ, ಅಕ್ಷರ ಆದರೆ ಎಡಗಡೆ. ಎಡಕ್ಕೆ ಒರಗಿದ್ದನ್ನೆಲ್ಲ ಹುಡುಕಿ ಕೈಯಿಂದ ಮತ್ತೆ ಟೈಪ್ ಮಾಡಿದೆ.

ಎರಡನೆಯದು ತಾರೀಕು. ನಾನು ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತೇನೆ. ಶೀಟಿನ ಸೆಟ್ಟಿಂಗ್ ತಿಂಗಳು ಮೊದಲು ಅಂತ ಇತ್ತು. 12ರ ಒಳಗಿನ ತಾರೀಕುಗಳೆಲ್ಲ ಸದ್ದಿಲ್ಲದೆ ಬೇರೆ ತಿಂಗಳಿಗೆ ಹೋಗಿದ್ದವು, 13ರಿಂದ ಮುಂದಿನವು ಅಕ್ಷರವಾಗಿ ಕೂತಿದ್ದವು. ಸೆಟ್ಟಿಂಗ್ ಬದಲಿಸಿ, ವರ್ಷ-ತಿಂಗಳು-ದಿನ ಅನ್ನುವ ಕ್ರಮಕ್ಕೆ ಬಂದೆ. ಹಳೆಯ ಸಾಲುಗಳನ್ನು ಬಿಲ್ ಫೋಟೋ ನೋಡಿ ಒಂದೊಂದಾಗಿ ತಿದ್ದಬೇಕಾಯಿತು. ಎರಡು ಸಂಜೆ ಹೋಯಿತು.

ಮೂರನೆಯದು, ಜಾಹೀರಾತಿನ ಚಿತ್ರದಿಂದ ಬೆಲೆಯನ್ನು ಫೋನಿನಲ್ಲೇ ಓದಿಸುವ ಪ್ರಯತ್ನ. ಜಾಹೀರಾತಿನಲ್ಲಿ ದಶಮಾಂಶದ ನಂತರದ ಅಂಕಿಗಳನ್ನು ಚಿಕ್ಕದಾಗಿ, ಮೇಲಕ್ಕೆ ಏರಿಸಿ ಹಾಕಿರುತ್ತಾರೆ. ಫೋನು ಚುಕ್ಕಿಯನ್ನು ನುಂಗಿ, ಬೆಲೆಯನ್ನು ನೂರು ಪಟ್ಟು ಮಾಡಿ ಓದಿತು. ಎದ್ದು ಕಾಣುವ ತಪ್ಪು ಇದು, ತಕ್ಷಣ ಸಿಕ್ಕಿತು. 3 ಮತ್ತು 8 ಅದಲು ಬದಲಾದದ್ದು ಸಿಗಲಿಲ್ಲ, ಒಂದು ವಾರ ಹಾಗೇ ಇತ್ತು. ಈಗ ಕೈಯಲ್ಲೇ ತುಂಬುತ್ತೇನೆ. 22 ಸಾಮಾನಿಗೆ ಹನ್ನೆರಡು ನಿಮಿಷ ಸಾಕು. ಜೊತೆಗೆ ಒಂದು ಕಾವಲು ಇಟ್ಟಿದ್ದೇನೆ: ಹೊಸ ಬೆಲೆ ಆ ಸಾಮಾನಿನ ಎಂದಿನ ಬೆಲೆಗಿಂತ 40% ಮೇಲೆ ಅಥವಾ ಕೆಳಗೆ ಇದ್ದರೆ ಮನೆ ಕೆಂಪಾಗುತ್ತದೆ.

9ರಿಂದ 10ನೇ ವಾರ: ಅಗ್ಗ ಅಂದರೆ ಯಾವುದಕ್ಕಿಂತ?

ಇಡೀ ಕೆಲಸದ ತಿರುವು ಇಲ್ಲಿ ಬಂತು. ಆ್ಯಪ್ ಈ ವಾರ ಯಾವ ಅಂಗಡಿಯಲ್ಲಿ ಕಡಿಮೆ ಅಂತ ಹೇಳುತ್ತದೆ. ಆ ಕಡಿಮೆ ನಿಜಕ್ಕೂ ಕಡಿಮೆಯಾ ಅಂತ ಹೇಳುವುದಿಲ್ಲ. ಮೂರೂ ಅಂಗಡಿಯಲ್ಲಿ ಬೆಲೆ ಏರಿರುವ ವಾರ ಕೂಡ ಅದರಲ್ಲೊಂದು "ಅತಿ ಕಡಿಮೆ" ಆಗಿಯೇ ಇರುತ್ತದಲ್ಲ.

ಜಾಹೀರಾತಿನಲ್ಲಿ ಅಡ್ಡಗೀಟು ಹಾಕಿದ ಹಳೆ ಬೆಲೆಯೂ ಸಹಾಯಕ್ಕೆ ಬರಲಿಲ್ಲ. ಒಂದು ಬ್ರ್ಯಾಂಡಿನ ಬಟ್ಟೆ ಸೋಪು ನಾನು ಬರೆದಿಟ್ಟ ಒಂಬತ್ತು ವಾರದಲ್ಲಿ ಏಳು ವಾರ ಆಫರ್‌ನಲ್ಲೇ ಇತ್ತು. ಏಳು ವಾರ ಇದ್ದ ಬೆಲೆಯೇ ಅದರ ಎಂದಿನ ಬೆಲೆ. ಗೀಟು ಹಾಕಿದ ಬೆಲೆಯನ್ನು ನೋಡುವುದನ್ನೇ ಬಿಟ್ಟೆ.

ಪ್ರತಿ ಸಾಮಾನಿಗೂ ಎರಡು ಅಂಕಿ ಸೇರಿಸಿದೆ. ಒಂದು ಮೀಡಿಯನ್, ಅಂದರೆ ನಾನು ಕಂಡ ಬೆಲೆಗಳನ್ನೆಲ್ಲ ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬರುವುದು. ಇನ್ನೊಂದು ಇಲ್ಲಿಯವರೆಗಿನ ಅತಿ ಕಡಿಮೆ. ಸರಾಸರಿ ಬಳಸಿಲ್ಲ. ಒಂದೇ ಒಂದು ದುಬಾರಿ ವಾರ ಬಂದರೂ ಸರಾಸರಿ ಮೇಲಕ್ಕೆ ಹೋಗಿ, ಆಮೇಲೆ ಬರುವ ಎಲ್ಲ ಬೆಲೆಯೂ ಅಗ್ಗ ಅನ್ನಿಸತೊಡಗುತ್ತದೆ.

ಹತ್ತನೇ ವಾರ ಆ್ಯಪ್ ನನ್ನ 22 ಸಾಮಾನಿನಲ್ಲಿ 14ಕ್ಕೆ ಆಫರ್ ಅಂತ ಗುರುತು ಹಾಕಿತ್ತು. ಮೀಡಿಯನ್‌ಗಿಂತ 10% ಕೆಳಗೆ ಇದ್ದದ್ದು ಐದು ಮಾತ್ರ. ಆ ಐದನ್ನು ಜಾಸ್ತಿ ತಂದೆ, ಉಳಿದವನ್ನು ಆ ವಾರಕ್ಕೆ ಬೇಕಾದಷ್ಟೇ.

ತಪ್ಪು: ಒಂಬತ್ತನೇ ವಾರ, ಮೈ ಸೋಪಿಗೆ ಬರೀ ನಾಲ್ಕು ಬೆಲೆ ಬರೆದಿದ್ದಾಗಲೇ "ಅತಿ ಕಡಿಮೆ" ಅಂತ ನಂಬಿ ಮೂರು ತಿಂಗಳಿಗಾಗುವಷ್ಟು ತಂದೆ. ಹನ್ನೆರಡನೇ ವಾರ ಅದಕ್ಕಿಂತ 15% ಕಡಿಮೆಗೆ ಬಂತು. ಎಂಟು ಬೆಲೆಯಾದರೂ ಸೇರುವ ತನಕ ಯಾವ ಸಾಮಾನನ್ನೂ ಕೂಡಿಡುವುದಿಲ್ಲ ಅಂತ ಆಮೇಲೆ ನಿಯಮ ಮಾಡಿದೆ.

11ನೇ ವಾರ: ಹಿಟ್ಟಿಗೆ ಹುಳು

ಅಗ್ಗ ಸಿಕ್ಕಿತು ಅಂತ ಹತ್ತನೇ ವಾರ ಗೋಧಿ ಹಿಟ್ಟು ಎರಡು ತಿಂಗಳಿಗಾಗುವಷ್ಟು ತಂದಿದ್ದೆ. ಹನ್ನೊಂದನೇ ವಾರ ಒಂದು ಚೀಲ ಬಿಚ್ಚಿದಾಗ ಹುಳು. ಅದನ್ನು ಪೂರ್ತಿ ಚೆಲ್ಲಬೇಕಾಯಿತು, 5 ಅಂಶ ಹೋಯಿತು. ಆ ಹಿಟ್ಟಿನಲ್ಲಿ ಉಳಿಸಿದ್ದು ಒಟ್ಟು 3 ಅಂಶ. ಅನ್ನ ಕೊಡುವ ಪದಾರ್ಥವನ್ನು ಕೈಯಾರೆ ಚೆಲ್ಲುವಾಗ ಆದ ನೋವು ಈ ಅಂಕಿಯಲ್ಲಿ ಕಾಣುವುದಿಲ್ಲ.

ಉಳಿದ ಎರಡು ಚೀಲವನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿ ನಾಲ್ಕು ದಿನ ಇಟ್ಟೆ. ಮೈನಸ್ 18 ಡಿಗ್ರಿಯಲ್ಲಿ ಹುಳುವಿನ ಮೊಟ್ಟೆಯೂ ಸಾಯುತ್ತದೆ. ಹೊರಗೆ ತೆಗೆದ ಮೇಲೆ ಕವರು ಬಿಚ್ಚದೆ ಒಂದು ರಾತ್ರಿ ಹಾಗೇ ಬಿಡಬೇಕು. ತಣ್ಣಗಿರುವಾಗಲೇ ಬಿಚ್ಚಿದರೆ ಗಾಳಿಯ ತೇವ ಹಿಟ್ಟಿನ ಮೇಲೆ ಕೂತು ಗಂಟು ಕಟ್ಟುತ್ತದೆ. ಆಮೇಲೆ ಗಾಳಿಯಾಡದ ಡಬ್ಬಕ್ಕೆ ತುಂಬಿದೆ. ಆ ನಾಲ್ಕು ಡಬ್ಬ ಕೊಂಡದ್ದು ಈಗಲೇ.

ಶೀಟಿಗೆ ಮತ್ತೆರಡು ಕಾಲಂ ಬಂತು: ವಾರಕ್ಕೆ ಎಷ್ಟು ಖರ್ಚಾಗುತ್ತದೆ, ಎಷ್ಟು ವಾರ ಕೆಡದೆ ಇರುತ್ತದೆ. ಮುಂದಿನ ಆಫರ್ ಬರಲು ಎಷ್ಟು ವಾರ ಆಗಬಹುದು ಅನ್ನುವುದು ಹಳೆಯ ಸಾಲುಗಳಿಂದ ಗೊತ್ತಾಗುತ್ತದೆ. ಕೆಡದೆ ಇರುವ ವಾರ, ಆಫರಿನ ನಡುವಿನ ವಾರ, ಇವೆರಡರಲ್ಲಿ ಯಾವುದು ಚಿಕ್ಕದೋ ಅಷ್ಟು ವಾರಕ್ಕಾಗುವಷ್ಟೇ ತರುವುದು. ಸೋಪು, ಉಪ್ಪು, ಸಕ್ಕರೆಗೆ ಆಫರಿನ ಲೆಕ್ಕ. ಹಿಟ್ಟು, ಎಣ್ಣೆ, ಬೀಜಗಳಿಗೆ ಕೆಡುವ ಲೆಕ್ಕ.

12ನೇ ವಾರ: ಪ್ಯಾಕ್ ಸಣ್ಣದಾಯಿತು

ಬಿಸ್ಕತ್ತಿನ ಪ್ಯಾಕ್ 500 ಗ್ರಾಮಿನಿಂದ 450ಕ್ಕೆ ಇಳಿದಿತ್ತು, ಬೆಲೆ ಅದೇ. ಗ್ರಾಮಿನ ಲೆಕ್ಕದಲ್ಲಿ 11.1% ಏರಿಕೆ. ನನಗೆ ಇದು ಸಿಕ್ಕಿದ್ದು ಎರಡು ವಾರ ತಡವಾಗಿ. ಅಳತೆಯ ಕಾಲಂನಲ್ಲಿ ಹಿಂದಿನ ಸಾಲಿನ 500ನ್ನೇ ಕಾಪಿ ಮಾಡುತ್ತಾ ಬಂದಿದ್ದೆ. ಆ್ಯಪ್‌ನಲ್ಲಿದ್ದ ಫೋಟೋ ಕೂಡ ಹಳೆಯ ಪ್ಯಾಕಿನದ್ದೇ. ಈಗ ಅಳತೆಯನ್ನು ಪ್ರತಿ ಸಲ ಪ್ಯಾಕ್ ನೋಡಿಯೇ ಬರೆಯುತ್ತೇನೆ, ಕಾಪಿ ಮಾಡುವುದಿಲ್ಲ.

13ನೇ ವಾರ: ಆಮೇಲೆ ಬರುವ ದುಡ್ಡು

ಆ್ಯಪ್ ಕೆಲವು ಬೆಲೆಗಳನ್ನು ಕ್ಯಾಶ್‌ಬ್ಯಾಕ್ ಕಳೆದು ತೋರಿಸುತ್ತದೆ. ನಾನೂ ಶೀಟಿನಲ್ಲಿ ಹಾಗೇ ಬರೆಯುತ್ತಿದ್ದೆ. ಹದಿಮೂರನೇ ವಾರ ಎಣಿಸಿದರೆ ಬರಬೇಕಾದ ಆರು ಕ್ಯಾಶ್‌ಬ್ಯಾಕ್‌ನಲ್ಲಿ ನಾಲ್ಕು ಬಂದಿತ್ತು. ಒಂದಕ್ಕೆ ಬಿಲ್ ಫೋಟೋ ಕಳಿಸುವ ಗಡುವು ಮುಗಿದಿತ್ತು. ಇನ್ನೊಂದಕ್ಕೆ ಬೇರೆ ಅಳತೆಯ ಪ್ಯಾಕ್ ಕೊಂಡಿದ್ದೆ. ಎರಡೂ ನನ್ನದೇ ತಪ್ಪು. ಈಗ ಬಿಲ್ಲಿನಲ್ಲಿರುವ ಬೆಲೆಯನ್ನೇ ಬರೆಯುತ್ತೇನೆ. ಕ್ಯಾಶ್‌ಬ್ಯಾಕ್ ಖಾತೆಗೆ ಬಂದ ದಿನ ಬೇರೆ ಸಾಲಿನಲ್ಲಿ ಹಾಕುತ್ತೇನೆ.

ಇಷ್ಟು ಮೊತ್ತ ಕೊಂಡರೆ ಇಷ್ಟು ಬಿಡುವುದು ಅನ್ನುವ ಕೂಪನ್ ಕೂಡ ಒಮ್ಮೆ ಹಿಡಿದೆ. ಆ ಮೊತ್ತ ತಲುಪಲು 8 ಅಂಶದ ಸಾಮಾನು ಸೇರಿಸಿದೆ, ಬಿಟ್ಟದ್ದು 5 ಅಂಶ. ಸೇರಿಸಿದ್ದರಲ್ಲಿ ಅರ್ಧ ಬೇಕಾದದ್ದೇ ಆಗಿತ್ತು. ಅದಕ್ಕೇ ನಷ್ಟ ಆಗಲಿಲ್ಲ, ಲಾಭ ಬಂದದ್ದು ಒಂದೇ ಅಂಶ.

14ನೇ ವಾರ: ಆ್ಯಪ್‌ನಲ್ಲಿ ಇಲ್ಲದ ಅಂಗಡಿ

ತರಕಾರಿಯನ್ನು ಹೋಲಿಸುವ ಪ್ರಯತ್ನವನ್ನು ಈ ವಾರ ಕೈಬಿಟ್ಟೆ. ಎಳೆಯದು, ಬಲಿತದ್ದು, ಬಾಡಿದ್ದು, ಇವೆಲ್ಲ ಒಂದೇ ಸಾಲಿನಲ್ಲಿ ಕೂರುವುದಿಲ್ಲ. ಸಿಪ್ಪೆ, ಕೊಳೆತ ಭಾಗ ತೆಗೆದು ತೂಗಿದರೆ ಲೆಕ್ಕವೇ ತಿರುಗಿಬೀಳುತ್ತಿತ್ತು. ಅದನ್ನು ಕಣ್ಣಿಗೂ ಅಮ್ಮನ ಕೈಗೂ ಬಿಟ್ಟಿದ್ದೇನೆ.

ಅಮ್ಮ ಇನ್ನೊಂದು ಪ್ರಶ್ನೆ ಕೇಳಿದರು. "ಮೂಲೆ ಅಂಗಡೀದು ಯಾಕೆ ಬರೆಯಲ್ಲ ನೀನು?" ಮೂಲೆಯ ಚಿಕ್ಕ ಅಂಗಡಿ ಜಾಹೀರಾತು ಕೊಡುವುದಿಲ್ಲ. ಹಾಗಾಗಿ ಆ್ಯಪ್‌ನಲ್ಲಿ ಇಲ್ಲ, ನನ್ನ ಶೀಟಿನಲ್ಲೂ ಇಲ್ಲ. ಹದಿನಾಲ್ಕು ವಾರ ಅದು ಹೊಳೆದೇ ಇರಲಿಲ್ಲ. ಹೋಗಿ 22 ಸಾಮಾನಿನ ಬೆಲೆ ಕೇಳಿ ಬರೆದುಕೊಂಡೆ, ಅಂಗಡಿಯವರು ಬೇಸರ ಮಾಡದೆ ಹೇಳಿದರು. ಅಲ್ಲಿದ್ದದ್ದು 17. ಅದರಲ್ಲಿ ಅಕ್ಕಿ, ಬೆಲ್ಲ, ಒಂದು ಬೇಳೆ, ಈ ಮೂರು ನನ್ನ ಮೀಡಿಯನ್‌ಗಿಂತ ಕಡಿಮೆ. ಮೂರೂ ಬ್ರ್ಯಾಂಡ್ ಇಲ್ಲದೆ ಬಿಡಿಯಾಗಿ ತೂಗಿ ಕೊಡುವ ಸಾಮಾನು. ನಡೆದು ಹೋಗುವ ದೂರ, ಪೆಟ್ರೋಲ್ ಸೊನ್ನೆ. ಆ ಮೂರನ್ನು ಅಂದಿನಿಂದ ಅಲ್ಲೇ ತರುತ್ತಿದ್ದೇವೆ.

16ನೇ ವಾರದ ಕೊನೆ: ಲೆಕ್ಕ

13ರಿಂದ 16ನೇ ವಾರದ ಸರಾಸರಿ ಖರ್ಚು, ಪೆಟ್ರೋಲ್ ಸೇರಿ, 84 ಅಂಶ ಬಂತು. ನೋಡಿ ಖುಷಿಯಾಯಿತು. ಆದರೆ ಆ ಅಂಕಿ ಸರಿಯಿಲ್ಲ.

12ನೇ ವಾರದ ಕೊನೆಗೆ ಕಪಾಟು ತುಂಬಿತ್ತು. ಆಮೇಲಿನ ನಾಲ್ಕು ವಾರ ಅದನ್ನೇ ಕರಗಿಸಿಕೊಂಡು ಬಂದೆವು. ಅದಕ್ಕೇ 4ನೇ ವಾರದ ಹಾಗೆ 12ರ ಕೊನೆಗೂ 16ರ ಕೊನೆಗೂ ಕಪಾಟು ತೂಗಿದ್ದೆ. ವಾರಕ್ಕೆ 3 ಅಂಶದಷ್ಟು ಹಳೆಯ ದಾಸ್ತಾನು ಖಾಲಿಯಾಗಿತ್ತು. ಅದನ್ನು ಸೇರಿಸಿದರೆ 87.

ಇನ್ನೂ ಒಂದು ತಿದ್ದುಪಡಿ. ಪಟ್ಟಿ ಹಿಡಿದು ಹೋಗುವುದರಿಂದ ಕುರುಕಲು ತಿಂಡಿ ತರುವುದು ಕಡಿಮೆಯಾಗಿತ್ತು. ಅದೂ ಉಳಿತಾಯವೇ, ಆದರೆ ಬೆಲೆ ಹೋಲಿಸಿದ್ದರಿಂದ ಬಂದದ್ದಲ್ಲ. ಮೊದಲ ನಾಲ್ಕು ವಾರ ತಂದ ಅದೇ ಸಾಮಾನು, ಅದೇ ಪ್ರಮಾಣವನ್ನು ಈಗಿನ ಬೆಲೆಗೆ ಕೊಂಡಿದ್ದರೆ ಎಷ್ಟಾಗುತ್ತಿತ್ತು ಅಂತ ಲೆಕ್ಕ ಹಾಕಿದೆ. 89 ಬಂತು.

ಅಂದರೆ ಬೆಲೆ ನೋಡಿ ಕೊಂಡದ್ದರಿಂದ ಉಳಿದದ್ದು ನೂರಕ್ಕೆ 11. ಬಿಡಿಸಿದರೆ ಹೀಗಿದೆ. ಮೀಡಿಯನ್‌ಗಿಂತ ಕೆಳಗೆ ಬಂದಾಗ ಕೂಡಿಟ್ಟದ್ದರಿಂದ 5. ಕೆಜಿ ಲೆಕ್ಕ ನೋಡಿ ಪ್ಯಾಕ್ ಬದಲಿಸಿದ್ದರಿಂದ 3. ಮೂಲೆ ಅಂಗಡಿಯಿಂದ 2. ಈ ವಾರ ಯಾವ ಅಂಗಡಿಯಲ್ಲಿ ಅಗ್ಗ ಅಂತ ಆ್ಯಪ್ ನೇರವಾಗಿ ತೋರಿಸಿದ್ದರಿಂದ 1. ಆ್ಯಪ್ ಇಲ್ಲದಿದ್ದರೆ ವಾರ ವಾರ ಮೂರು ಅಂಗಡಿಯ ಬೆಲೆ ಕೂಡಿಸುವುದು ನನ್ನಿಂದ ಆಗುತ್ತಿರಲಿಲ್ಲ. ಹಾಗಾಗಿ ಆ 5ರಲ್ಲಿ ಅದರ ಪಾಲೂ ಇದೆ. ಚೆಲ್ಲಿದ ಹಿಟ್ಟು, ಕೊಂಡ ಡಬ್ಬ ಸೇರಿ ಹೋದದ್ದು 11 ಅಂಶ, ಅಂದರೆ ಸರಿಯಾಗಿ ಒಂದು ವಾರದ ಉಳಿತಾಯ.

ಹೊತ್ತಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. 6ರಿಂದ 8ನೇ ವಾರದಲ್ಲಿ ಅಂಗಡಿ ಬಿಟ್ಟು ಶೀಟಿಗೇ ವಾರಕ್ಕೆ ಎರಡೂವರೆ ಗಂಟೆ ಹೋಗುತ್ತಿತ್ತು. ಈಗ ಶುಕ್ರವಾರ ರಾತ್ರಿ 25 ನಿಮಿಷ. ಮೂರು ಜಾಹೀರಾತು ತೆರೆದು, 22 ಬೆಲೆ ತುಂಬಿ, ಮೀಡಿಯನ್‌ಗಿಂತ ಕೆಳಗೆ ಬಂದದ್ದನ್ನು ಪಟ್ಟಿಗೆ ಹಾಕುವುದು.

ಬಾಕಿ ಉಳಿದದ್ದು

ಬಟ್ಟೆ ಒಗೆಯುವ ಪುಡಿಗೂ ದ್ರವಕ್ಕೂ ಹೋಲಿಕೆ ಇನ್ನೂ ಆಗಿಲ್ಲ. ಒಂದು ಗ್ರಾಂ, ಇನ್ನೊಂದು ಮಿಲಿ, ಎಣ್ಣೆಯ ಹಾಗೆ ಬದಲಿಸಲೂ ಬರುವುದಿಲ್ಲ. ಒಂದು ಸಲ ಒಗೆಯಲು ಎಷ್ಟು ಬೇಕು ಅನ್ನುವುದೇ ಅಳತೆ. ಡಬ್ಬದ ಮೇಲೆ ಬರೆದಿರುವಷ್ಟು ಸಲ ನಮ್ಮ ಮನೆಯಲ್ಲಿ ಬರುವುದಿಲ್ಲ, ಯಾರೂ ಮುಚ್ಚಳದ ಗೀಟು ನೋಡಿ ಹಾಕುವುದಿಲ್ಲ. ಹೋದ ಭಾನುವಾರ ಹೊಸ ಬಾಟಲಿ ಬಿಚ್ಚಿದೆವು. ಅದರ ಮೇಲೆ ಪೇಪರ್ ಟೇಪ್ ಅಂಟಿಸಿ ತಾರೀಕು ಬರೆದಿದ್ದೇನೆ, ಒಗೆದಾಗಲೆಲ್ಲ ಒಂದು ಗೀಟು ಎಳೆಯಲು ಎಲ್ಲರಿಗೂ ಹೇಳಿದ್ದೇನೆ. ಇವತ್ತಿಗೆ ಐದು ಗೀಟು ಆಗಿದೆ. ಇದು ಖಾಲಿಯಾದ ಮೇಲೆ ಪುಡಿಯ ಸರದಿ.